ಮಲ್ಲೇಶ ಕಾಕಾನ ಅಳತೆ

ನಮ್ಮ ಮನೆಯ ಮಡಿಗೆ ದಂಡ ತೆತ್ತವನು ಪರಸಪ್ಪ. ಆ ಮಡಿಯನ್ನು ಆಚರಿಸಿದ ನನ್ನ ಅಪ್ಪ ತೆರಲಿಲ್ಲ, ಅದರ ನೆರಳಿನಲ್ಲಿ ಬೆಳೆದ ನನ್ನ ಅಣ್ಣಂದಿರು ತೆರಲಿಲ್ಲ, ಇದನ್ನು ಬರೆಯುತ್ತಿರುವ ನಾನೂ ತೆರಲಿಲ್ಲ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ತಾಯಿಯ ಜೊತೆ ಮಣ್ಣು ತುಳಿಯುತ್ತಲೇ ಓದಿ, ತನ್ನ ಕೇರಿಯಿಂದ ಮೊದಲ ಬಾರಿಗೆ ಮೆಟ್ರಿಕ್ ದಾಟಿದ ಇಪ್ಪತ್ತರ ತರುಣನೊಬ್ಬ, ನಮ್ಮ ಮನೆಯಲ್ಲಿ ಹೊಲಿದ ಒಂದು ಪ್ಯಾಂಟಿನ ಕಾರಣದಿಂದ ತನಗೆ ಬರಬೇಕಿದ್ದ ಬದುಕನ್ನು ಕಳೆದುಕೊಂಡ. ಬಾಲ್ಯದ ಮನೆಯನ್ನು ನೆನೆಯುವವರು ಒಲೆಯ ಬಿಸಿಯಿಂದ ಆರಂಭಿಸುವುದುಂಟು. ನಾನೂ ಹಾಗೆ ಆರಂಭಿಸಿದರೆ ಓದುವವರು ನನ್ನ ಮನೆಯವರನ್ನು ಪ್ರೀತಿಸತೊಡಗುತ್ತಾರೆ. ಆಮೇಲೆ ಹೇಳಲೇಬೇಕಾದುದನ್ನು ಹೇಳುವಾಗ ನನ್ನ ದನಿ ತಗ್ಗುತ್ತದೆ. ಅದಕ್ಕಾಗಿ ಇದನ್ನು ಮೊದಲೇ ಹೇಳಿಬಿಟ್ಟೆ.

ಹೊಲಿಗೆ ನಮ್ಮ ಮನೆತನದ ಕಾಯಕ. ನಾವು ಲಿಂಗವಂತರು. ಖಾನಾಪುರದ ಪೇಟೆಯಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಬದಿಗೆ ದೇವರ ಕೋಣೆ. ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರಗಳು, ಹಲಸಿನ ಮರದ ಉದ್ದನೆಯ ಮೇಜು, ಇದ್ದಿಲು ತುಂಬುವ ಇಸ್ತ್ರಿ ಪೆಟ್ಟಿಗೆ, ಗೋಡೆಗೆ ಆಳೆತ್ತರದ ಕನ್ನಡಿ. ಬೀದಿಯಿಂದ ಮೇಲೇರಲು ಮೂರು ಕಲ್ಲಿನ ಮೆಟ್ಟಿಲು. ಮನೆಯಲ್ಲಿ ನಾವು ಏಳು ಜನ: ಅಪ್ಪ, ಅವ್ವ, ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಅಪ್ಪನ ತಮ್ಮ ಮಲ್ಲೇಶ ಕಾಕಾ, ಇಬ್ಬರು ಅಣ್ಣಂದಿರು, ಕೊನೆಯವಳು ನಾನು. ದೀಪ ಹಚ್ಚುವ ಹೊತ್ತಿಗೆ ಯಂತ್ರಗಳು ನಿಲ್ಲುತ್ತಿದ್ದವು. ಅಪ್ಪ ಕೈಕಾಲು ತೊಳೆದು, ವಿಭೂತಿ ಧರಿಸಿ ಲಿಂಗಪೂಜೆಗೆ ಕೂಡುತ್ತಿದ್ದ. ಅದು ಮುಗಿದ ಮೇಲೆ ನಾವೆಲ್ಲ ಸುತ್ತ ಕುಳಿತು ಶರಣರ ವಚನಗಳನ್ನು ಹೇಳುತ್ತಿದ್ದೆವು. ಮನುಷ್ಯರಲ್ಲಿ ಮೇಲು ಕೀಳಿಲ್ಲವೆಂದು ಸಾರುವ ವಚನಗಳು ನನಗೆ ಐದನೆಯ ವಯಸ್ಸಿಗೇ ಬಾಯಿಪಾಠವಾಗಿದ್ದವು. ಕೆಲವು ಸಾಲುಗಳನ್ನು ಹೇಳುವಾಗ ಅಪ್ಪನ ಕಣ್ಣು ತೇವಗೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವನು ಕಪಟಿಯಾಗಿರಲಿಲ್ಲ. ಇಂದಿಗೂ ನನಗೆ ಅರಗದಿರುವುದು ಇದೇ; ಅವನು ಕಪಟಿಯಾಗಿದ್ದರೆ ಈ ಅಧ್ಯಾಯವನ್ನು ಬರೆಯುವುದು ಸುಲಭವಾಗುತ್ತಿತ್ತು.

ಅಪ್ಪನ ಕತ್ತರಿಗೆ ತಾಲೂಕಿನಲ್ಲೆಲ್ಲ ಹೆಸರಿತ್ತು. ನಂದಗಡದ ವರ್ತಕರು, ಹಲಸಿ ಕಡೆಯ ಜಮೀನುದಾರರು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾತಾಡುವ ಶಾಲಾ ಮಾಸ್ತರರು, ಎಲ್ಲರೂ ಬೆಳಗಾವಿಯ ಖಡೇಬಜಾರಿನಲ್ಲಿ ಬಟ್ಟೆ ಕೊಂಡು ಹೊಲಿಗೆಗೆ ನಮ್ಮಲ್ಲಿಗೆ ಬರುತ್ತಿದ್ದರು. ಪ್ಯಾಂಟಿನ ಆಯ್ಕೆಯೆಂಬುದು ನಮ್ಮ ಅಂಗಡಿಯಲ್ಲಿ ಒಂದು ಸಣ್ಣ ವ್ರತದಂತೆ ನಡೆಯುತ್ತಿತ್ತು. ಗಿರಾಕಿ ಮೆಟ್ಟಿಲೇರಿ ಬಟ್ಟೆಯನ್ನು ಮೇಜಿನ ಮೇಲೆ ಹರವಿದ ಕೂಡಲೇ ಅಪ್ಪ ಅದರ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡುತ್ತಿದ್ದ. ಸುಕ್ಕು ನಿಂತರೆ ಹತ್ತಿ, ತಾನಾಗಿ ಬಿಚ್ಚಿಕೊಂಡರೆ ಟೆರಿಕಾಟ್. ಹತ್ತಿಯಾದರೆ ಒಂದು ದಿನ ನೀರಿನಲ್ಲಿ ನೆನೆಯಬೇಕು, ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಅನಂತರ ಪ್ರಶ್ನೆಗಳು. ಸೊಂಟ ಹೊಕ್ಕುಳಿನ ಮೇಲೋ ಕೆಳಗೋ? ಮುಂದೆ ಮಡಿಕೆ ಬೇಕೋ ಬೇಡವೋ? ಕಿಸೆ ನೇರವೋ ಓರೆಯೋ? ಕೆಳಗಿನ ಅಗಲ ಎಷ್ಟು ಇಂಚು? ಬೆಲ್‌ಬಾಟಮ್ಮಿನ ಆ ವರ್ಷಗಳಲ್ಲಿ ಕಾಲೇಜು ಹುಡುಗರು ಇಪ್ಪತ್ತಾರರ ತನಕ ಕೇಳುತ್ತಿದ್ದರು, ಹಿರಿಯರು ಹದಿನೆಂಟಕ್ಕೆ ನಿಲ್ಲುತ್ತಿದ್ದರು. ಪ್ರಶ್ನೆಗಳು ಮುಗಿದ ಮೇಲೆ ಟೇಪು ಹೊರಬರುತ್ತಿತ್ತು. ಸೊಂಟ, ಸೀಟು, ಅಂದರೆ ಹಿಂಬದಿಯ ಸುತ್ತಳತೆ, ತೊಡೆ, ಮೊಣಕಾಲು, ಉದ್ದ. ಅಪ್ಪ ಒಂದೊಂದನ್ನೂ ಕೂಗಿ ಹೇಳಿದಂತೆ ಅಳತೆಯ ಪುಸ್ತಕದಲ್ಲಿ ಬರೆಯುವವಳು ನಾನು. ನನ್ನ ಅಕ್ಷರ ದುಂಡಗಿತ್ತು. ನಾಲ್ಕು ದಿನಗಳ ನಂತರ ಗಿರಾಕಿ ಕಚ್ಚಾ ಹೊಲಿಗೆಯ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ನಿಂತು, ತಿರುಗಿ ಹಿಂಬದಿಯನ್ನು ನೋಡಿಕೊಂಡು, ಕುರ್ಚಿಯಲ್ಲಿ ಒಮ್ಮೆ ಕುಳಿತೆದ್ದು ಪರೀಕ್ಷಿಸುತ್ತಿದ್ದ. 'ನಿಮಗೆ ಹೇಗೆ ಬೇಕು' ಎಂದು ಕೇಳಿಸಿಕೊಳ್ಳುವ ಮನುಷ್ಯನ ಮುಖ ಹೇಗೆ ಅರಳುತ್ತದೆಂಬುದನ್ನು ನಾನು ಆ ಅಂಗಡಿಯಲ್ಲಿ ಕಲಿತೆ.

ಕೇರಿಯವರಿಗೆ ಈ ಪ್ರಶ್ನೆಗಳಿರಲಿಲ್ಲ. ನಮ್ಮ ಮನೆಯಲ್ಲಿ ಅವರನ್ನು 'ಆ ಕಡಿ ಮಂದಿ' ಎನ್ನುತ್ತಿದ್ದರು. ಜಾತಿಯ ಹೆಸರನ್ನು ಹೇಳದಿರುವುದೇ ಸಭ್ಯತೆಯೆಂದು ಅವ್ವ ನಂಬಿದ್ದಳು. ಅವರು ಮೂರು ಮೆಟ್ಟಿಲುಗಳ ಕೆಳಗೆ, ಬೀದಿಯಲ್ಲಿ ನಿಲ್ಲಬೇಕಿತ್ತು. ಬಟ್ಟೆಯನ್ನು ಮೊದಲ ಮೆಟ್ಟಿಲಿನ ಮೇಲೆ ಇಡಬೇಕಿತ್ತು. ಹೊಸ ಬಟ್ಟೆಗೆ ಮೈಲಿಗೆಯಿಲ್ಲ, ತೊಟ್ಟ ಬಟ್ಟೆಗೆ ಉಂಟು, ಮೈಗಂತೂ ಉಂಟೇ ಉಂಟು; ಇದು ನಮ್ಮ ಅಂಗಡಿಯ ಬರೆಯದ ಕಾನೂನು. ಊರಿನ ಉಳಿದ ದರ್ಜಿಗಳದ್ದೂ ಇದೇ. ದೇಶದ ಕಾನೂನು ಇದನ್ನು ಅಪರಾಧವೆಂದು ಸಾರಿ ಎಷ್ಟೋ ವರ್ಷಗಳಾಗಿದ್ದವು. ಮೈ ಮುಟ್ಟದೆ ಅಳತೆ ಹೇಗೆ? ಅಪ್ಪ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಬೀದಿಯಲ್ಲಿ ನಿಂತವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಯಂತ್ರದ ಮುಂದೆ ಕುಳಿತ ತನ್ನ ತಮ್ಮನನ್ನು ಎಬ್ಬಿಸಿ ನಿಲ್ಲಿಸಿ, ಇಬ್ಬರನ್ನೂ ಹೋಲಿಸುತ್ತಿದ್ದ.

"ನಮ್ಮ ಮಲ್ಲೇಶಗಿಂತ ಎರಡ ಬೆರಳ ಎತ್ತರ ಅದಾನ. ಉದ್ದಕ್ಕ ಒಂದ ಇಂಚ ಕೂಡ್ಸು ಶಾಂತಾ," ಎನ್ನುತ್ತಿದ್ದ.

ನಾನು ಕೂಡಿಸುತ್ತಿದ್ದೆ. ದಿನ ಕಳೆದಂತೆ ಕಾಕಾನನ್ನು ಎಬ್ಬಿಸುವ ಅಗತ್ಯವೂ ಉಳಿಯಲಿಲ್ಲ. ಅಪ್ಪ ಅವನ ಅಳತೆಯಲ್ಲಿ ದಪ್ಪ ಕಾಗದದ ಅಚ್ಚು ಕತ್ತರಿಸಿ, ಬಲಗಾಲಿಗೊಂದು ಎಡಗಾಲಿಗೊಂದು, ಗೋಡೆಯ ಮೊಳೆಗೆ ತೂಗುಹಾಕಿದ. ಕೇರಿಯಿಂದ ಬಂದ ಬಟ್ಟೆಯ ಮೇಲೆ ಆ ಅಚ್ಚನ್ನಿಟ್ಟು, ಸುತ್ತ ಸೀಮೆಸುಣ್ಣ ಎಳೆದು, ಅಂದಾಜಿಗೆ ಒಂದಿಷ್ಟು ಹಿಗ್ಗಿಸಿ ಕತ್ತರಿಸುವುದು. ಹೀಗೆ ಒಂದು ಕೇರಿಯ ಗಂಡಸರೆಲ್ಲರೂ ನನ್ನ ಕಾಕಾನ ಮೈಗೆ ಹೊಲಿದ ಪ್ಯಾಂಟುಗಳನ್ನು ತೊಟ್ಟು ತಿರುಗಿದರು.

ಮಲ್ಲೇಶ ಕಾಕಾನ ಮೈ ಸಾಮಾನ್ಯದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವನು ಕಡ್ಡಿಯಂತೆ ಸಣ್ಣಗಿದ್ದ. ಸೀಟು ಮೂವತ್ತನಾಲ್ಕು ದಾಟಿದ್ದಿಲ್ಲ. ಚಿಕ್ಕಂದಿನಲ್ಲಿ ಮಾವಿನ ಮರದಿಂದ ಬಿದ್ದು ಮುರಿದ ಎಡಗಾಲು ಮುಕ್ಕಾಲು ಇಂಚು ಗಿಡ್ಡಾಗಿ ಕೂಡಿಕೊಂಡಿತ್ತು. ಅವನ ಪ್ಯಾಂಟಿನ ಎಡಗಾಲನ್ನು ಅಪ್ಪ ಅಷ್ಟೇ ಗಿಡ್ಡ ಮಾಡುತ್ತಿದ್ದ, ಎರಡೂ ಅಂಚು ಒಂದೇ ಮಟ್ಟಕ್ಕೆ ಕೂಡಲೆಂದು. ಕುಂಟುವುದು ಕಾಣಬಾರದೆಂದೇ ಕಾಕಾ ಪಾದ ಮುಚ್ಚುವಷ್ಟು ಅಗಲದ ಬೆಲ್‌ಬಾಟಮ್ ಬಯಸುತ್ತಿದ್ದ. ಊಟಕ್ಕೆ ಕುಳಿತಾಗ ಇದೇ ಜಗಳ. ಅವ್ವ ರೊಟ್ಟಿ ಬಡಿಸುತ್ತಿರುವಾಗ ಅಪ್ಪ ಕೆಣಕುತ್ತಿದ್ದ:

"ಇಪ್ಪತ್ತೆಂಟು ಇಂಚ ಬಾಟಮ್ಮ ಹಾಕ್ಕೊಂಡು ರಸ್ತೆ ಗುಡಸಾಕ ಹೊಂಟಿ ಏನ?"

"ಗುಡಸಿದ್ರ ಊರಿಗೇ ಚಲೋ ಆತಲ್ಲೋ ಅಣ್ಣಾ. ಪಂಚಾಯ್ತಿಯವರಂತೂ ಗುಡಸೂದಿಲ್ಲ," ಎಂದು ಕಾಕಾ ಜುಣಕದ ಬಟ್ಟಲನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಆಯಿ ನಗುತ್ತ ಅವನ ತಟ್ಟೆಗೆ ಮತ್ತೊಂದು ಚಮಚ ತುಪ್ಪ ಸುರಿಯುತ್ತಿದ್ದಳು.

ಆ ನಗು ಒಂದು ಮಳೆಗಾಲದಲ್ಲಿ ನಿಂತುಹೋಯಿತು. ಕಾಕಾನಿಗೆ ಕಾಮಾಲೆಯಾಯಿತು. ನಾಟಿ ಔಷಧ, ಬೆಳಗಾವಿಯ ಆಸ್ಪತ್ರೆ, ಮತ್ತೆ ನಾಟಿ ಔಷಧ, ಇಪ್ಪತ್ತಾರನೆಯ ವಯಸ್ಸಿಗೇ ಹೋಗಿಬಿಟ್ಟ. ಅವನ ಯಂತ್ರದ ಮೇಲೆ ಅವ್ವ ಬಿಳಿ ಬಟ್ಟೆ ಹೊದಿಸಿದಳು. ಆಯಿಯ ಕಣ್ಣಿಗೆ ಮೊದಲೇ ಪೊರೆ ಬಂದಿತ್ತು. ಅಂದಿನಿಂದ ಅವಳು ಇಡೀ ಹಗಲು ಅಂಗಡಿಯ ಬಾಗಿಲಿಗೆ ಒರಗಿ ಬೀದಿಯತ್ತ ಮುಖ ಮಾಡಿ ಕೂಡತೊಡಗಿದಳು. ಒಂದು ಸಂಜೆ, ಕಾಕಾ ಹೋಗಿ ತಿಂಗಳೂ ತುಂಬಿರಲಿಲ್ಲ, ಅವಳು ನನ್ನ ಕೈ ಹಿಡಿದು ಬೀದಿಯತ್ತ ತೋರಿಸಿದಳು. ಕೆಲಸ ಬಿಟ್ಟು ಬರುತ್ತಿದ್ದ ಕೇರಿಯ ಗಂಡಸೊಬ್ಬ ನಮಗೆ ಬೆನ್ನು ಮಾಡಿ ನಡೆದು ಹೋಗುತ್ತಿದ್ದ. ಅವನ ಪ್ಯಾಂಟಿನ ಎಡಗಾಲು ತುಸು ಮೇಲಿತ್ತು, ಹಿಂಬದಿ ಬಿಗಿದಿತ್ತು, ಬಿಗಿದಿದ್ದಕ್ಕೇ ಹೆಜ್ಜೆ ಚಿಕ್ಕದಾಗಿತ್ತು. ಕಾಕಾನ ನಡಿಗೆಯೇ ಅದು. ಅವನ ಹಿಂದೆ ಇನ್ನೊಬ್ಬ. ಅವನದೂ ಅದೇ ನಡಿಗೆ. ಆಗ ನನಗೆ ಹನ್ನೆರಡು. ಪ್ರೇತವೆಂದರೆ ಹೀಗೆ, ಒಬ್ಬನೇ ಹಲವರಾಗಿ ಹಗಲಿನಲ್ಲೇ ಕೆಲಸದಿಂದ ಮರಳುವುದಿರಬೇಕೆಂದುಕೊಂಡೆ. ಕಾರಣ ನನ್ನ ತಲೆಯ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು. ಕಾಗದದ ಎರಡು ಕಾಲುಗಳು ಗಾಳಿ ಬಂದಾಗ ಗೋಡೆಗೆ ತಾಗಿ ಪಟಪಟ ಎನ್ನುತ್ತಿದ್ದವು.

ಅವ್ವ ಆ ಅಚ್ಚನ್ನು ತೆಗೆಸಲು ನೋಡಿದಳು. ಅಪ್ಪ ಅವ್ವರ ನಡುವೆ ನಾನು ಕಂಡ ದೊಡ್ಡ ಜಗಳ ಅದು.

"ಸತ್ತವರ ಅಳತೀಲೆ ಇದ್ದವರಿಗೆ ಬಟ್ಟಿ ಹೊಲಿಬಾರದ್ರಿ. ಹುಡುಗ ಇನ್ನೂ ಮನ್ಯಾಗ ನಿಂತಂಗ ಅನಸ್ತದ. ಸುಟ್ಟ ಬಿಡ್ರಿ ಅದನ್ನ."

"ಅದು ಅವನ ಅಳತಿ ಅಲ್ಲ," ಎಂದ ಅಪ್ಪ, ಕತ್ತರಿಯಿಂದ ಕಣ್ಣೆತ್ತದೆ. "ಅದು ಆ ಕಡಿ ಮಂದಿ ಅಳತಿ."

ಅವ್ವ ಸತ್ತವನ ಪರವಾಗಿ ವಾದಿಸಿದಳು, ಬದುಕಿದ್ದವರ ಪರವಾಗಿ ಅಲ್ಲ. ಆ ಪ್ಯಾಂಟುಗಳನ್ನು ತೊಡುವವರಿಗೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಇದನ್ನು ಸಂಪ್ರದಾಯವೆಂದೋ ಕಾಲದ ದೋಷವೆಂದೋ ಕರೆಯುವವರಿದ್ದಾರೆ. ಕಾಲಕ್ಕೆ ಕೈಗಳಿರಲಿಲ್ಲ. ಕತ್ತರಿ ಹಿಡಿದಿದ್ದು ಅಪ್ಪನ ಕೈ, ಬರೆದದ್ದು ನನ್ನ ಕೈ.

ಎಂಟನೆಯ ತರಗತಿಗೆ ನನ್ನನ್ನು ಬೆಳಗಾವಿಯ ಶಾಲೆಗೆ ಹಾಕಿದರು. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿಗೆ ಮರಳುವುದು. ಅದು ಬೇರೆಯೇ ತರಹದ ಶಾಲೆ. ಅಲ್ಲಿ ಬೆತ್ತವಿರಲಿಲ್ಲ. ನಾವೆಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಬುತ್ತಿ ಹಂಚಿಕೊಂಡು ಉಣ್ಣಬೇಕಿತ್ತು, ಶೌಚಾಲಯವನ್ನು ಸರದಿಯ ಮೇಲೆ ನಾವೇ ತೊಳೆಯಬೇಕಿತ್ತು, ಪ್ರತಿ ಶನಿವಾರ 'ನಾನು ಕಂಡ ಅನ್ಯಾಯ' ಎಂದು ಒಂದು ಪುಟ ಬರೆಯಬೇಕಿತ್ತು. ನಾನು ಬಸ್ ನಿಲ್ದಾಣದ ಹಮಾಲರ ಬಗ್ಗೆ ಬರೆದೆ, ಗಣಪತಿ ಗಲ್ಲಿಯ ಹೋಟೆಲೊಂದರ ಬೇರೆ ಲೋಟಗಳ ಬಗ್ಗೆ ಬರೆದೆ, ಮೆಚ್ಚುಗೆ ಪಡೆದೆ. ನಮ್ಮ ಮನೆಯ ಮೂರು ಮೆಟ್ಟಿಲುಗಳ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಶನಿವಾರ ಸಂಜೆ ಮನೆಗೆ ಬಂದು, ಕಾಲು ತೊಳೆದು, ಅಳತೆಯ ಪುಸ್ತಕ ತೆರೆದು ಕೂಡುತ್ತಿದ್ದೆ.

ಪರಸಪ್ಪ ಬಂದದ್ದು ದೀಪಾವಳಿಯ ಮುಂಚಿನ ದಿನಗಳಲ್ಲಿ. ಬೆಳಗಾವಿಯ ಸರಕಾರಿ ಕಚೇರಿಯೊಂದರಿಂದ ಗುಮಾಸ್ತನ ಕೆಲಸಕ್ಕೆ ಸಂದರ್ಶನದ ಪತ್ರ ಅವನಿಗೆ ಬಂದಿತ್ತು. ಉಳಿದದ್ದು ಎಂಟು ದಿನ. ಬೆಳಗಾವಿಯ ದರ್ಜಿಗಳು ಹಬ್ಬದ ಕೆಲಸದ ನಡುವೆ ಮೂರು ವಾರ ಕೇಳಿದ್ದರು. ಬಟ್ಟೆಯನ್ನು ಅವನೇ ಆರಿಸಿ ತಂದಿದ್ದ, ಬೂದು ಬಣ್ಣದ ಟೆರಿಕಾಟ್, ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಸಣ್ಣ ಗೆರೆಗಳು. ಅಪ್ಪ ಮೂಲೆಯನ್ನು ಹಿಸುಕಿ ನೋಡಿ ತಲೆದೂಗಿದ. ಕೇರಿಯಿಂದ ಅಂಥ ಬಟ್ಟೆ ಅದುವರೆಗೆ ಬಂದಿರಲಿಲ್ಲ. ಪರಸಪ್ಪ ಬೀದಿಯಲ್ಲಿ ನಿಂತೇ, ಯಾರೂ ಕೇಳದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹೇಳಿದ. ಕೆಳಗೆ ಹದಿನೆಂಟು ಇಂಚು ಸಾಕು, ಬೆಲ್‌ಬಾಟಮ್ ಬೇಡ. ಮುಂದೆ ಎರಡೆರಡು ಮಡಿಕೆ. ಕಿಸೆ ಓರೆ. ಕೊನೆಗೆ, ತುಸು ತಡೆದು, ಇನ್ನೊಂದು ಮಾತು ಹೇಳಿದ.

"ಮಾಸ್ತರ್ರೀ, ಅಲ್ಲಿ ಕುರ್ಚಿ ಮ್ಯಾಲೆ ಕುಂದ್ರಬೇಕಾಕ್ಕತಿ. ನಂದು ತೊಡಿ ದಪ್ಪ ಅದಾವ್ರಿ, ಮಣ್ಣ ತುಳಿದು ತುಳಿದು. ಕುಂತ್ರ ಬಿಗಿ ಆಗಬಾರದ. ಒಂದ ಸಲ ಟೇಪ ಹಿಡದ್ರ ಚಲೋ ಇತ್ರಿ."

"ನಮಗ ಕಲಸಾಕ ಬಂದಿ ಏನೋ ಪರಸ್ಯಾ? ನಾ ಕಣ್ಣೀಲೆ ನೋಡಿದ್ದು ಟೇಪಿಗಿಂತ ಖರೇ ಇರ್ತೇತಿ," ಎಂದ ಅಪ್ಪ, ನಗುತ್ತಲೇ. ಆಮೇಲೆ ನನ್ನ ಕಡೆ ತಿರುಗಿ ಸೀಟಿಗೆ ಎರಡು ಇಂಚು ಕೂಡಿಸಲು ಹೇಳಿದ.

ಎರಡು ಇಂಚು ಸಾಲದೆಂದು ನನಗೂ ಕಾಣುತ್ತಿತ್ತು. ನಾನು ಆ ತೊಡೆಗಳನ್ನು ನೋಡುತ್ತಲೇ ಮೂವತ್ತಾರು ಎಂದು ಬರೆದೆ. ಕಾಗದದ ಕಾಲುಗಳು ಮೊಳೆಯಿಂದ ಇಳಿದವು. ಎಲ್ಲವೂ ಮುಗಿದು, ಮಡಿಸಿದ ಪ್ಯಾಂಟನ್ನು ಸಂದರ್ಶನದ ಹಿಂದಿನ ಸಂಜೆ ಮೆಟ್ಟಿಲ ಮೇಲೆ ಇಟ್ಟಾಗ ಅದರ ಇಸ್ತ್ರಿಯ ಗೆರೆ ಚೂರಿಯಂತೆ ನಿಂತಿತ್ತು. ಕತ್ತರಿ ತಪ್ಪಿದರೂ ಅಪ್ಪನ ಹೊಲಿಗೆ ಎಂದೂ ತಪ್ಪುತ್ತಿರಲಿಲ್ಲ. ತೊಟ್ಟು ನೋಡುವ ಅವಕಾಶ ಕೇರಿಯವರಿಗೆ ಇರಲಿಲ್ಲ, ಕನ್ನಡಿ ಒಳಗಿತ್ತು.

ಮರುದಿನ ಬೆಳಗಿನ ಗಾಡಿಯಲ್ಲಿ ನನ್ನ ಬೋಗಿಯಲ್ಲೇ ಪರಸಪ್ಪ ಇದ್ದ. ಬಿಳಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಕಾಗದಗಳ ಚೀಲವನ್ನು ಎದೆಗೆ ಹಿಡಿದು ಬಾಗಿಲ ಪಕ್ಕದಲ್ಲಿ ನಿಂತಿದ್ದ. ಎದುರಿನ ಹಲಗೆ ಖಾಲಿಯಿತ್ತು. ಅವನು ಜಾತಿಯ ಅಂಜಿಕೆಯಿಂದ ನಿಂತಿದ್ದಾನೆಂದು ನಾನು ತಿಳಿದೆ. ಶಾಲೆಯಲ್ಲಿ ಕಲಿತದ್ದೆಲ್ಲ ನನ್ನೊಳಗೆ ಎದ್ದು ನಿಂತಿತು. ಎಲ್ಲರಿಗೂ ಕೇಳುವಂತೆ, 'ರೀ' ಸೇರಿಸಿ ಕರೆದೆ.

"ಕುಂದರ್ರಿ, ಜಾಗಾ ಐತಿ."

"ಇರ್ಲಿ ಬಿಡ್ರಿ. ಹಿಂಗ ಚಲೋ ಐತಿ," ಎಂದ ಅವನು.

ದೇಸೂರು ದಾಟಿತು, ಬೆಳಗಾವಿ ಬಂತು, ಅವನು ನಿಂತೇ ಇದ್ದ. ದಾರಿಯುದ್ದಕ್ಕೂ ನಾನು ನನ್ನ ಔದಾರ್ಯದ ಬಗ್ಗೆ ಹೆಮ್ಮೆಪಟ್ಟುಕೊಂಡೆ. ಆ ಶನಿವಾರದ ಪುಟಕ್ಕೆ ಮೊದಲ ಸಾಲನ್ನೂ ಜೋಡಿಸಿಕೊಂಡೆ. ಇಳಿದು ಹೋಗುವಾಗ ಅವನ ಎಡಗಾಲಿನ ಅಂಚು ಮೇಲಿದ್ದುದನ್ನು, ಹೆಜ್ಜೆ ಚಿಕ್ಕದಾಗಿದ್ದುದನ್ನು ಕಂಡೆ. ಜನರ ನಡುವೆ ಮಲ್ಲೇಶ ಕಾಕಾ ಬೂದು ಬಣ್ಣದ ಪ್ಯಾಂಟು ತೊಟ್ಟು ನಡೆದುಹೋದಂತಾಯಿತು. ಕಣ್ಣು ಬೇರೆಡೆ ತಿರುಗಿಸಿದೆ.

ಎರಡು ದಿನಗಳ ನಂತರ, ಭಾನುವಾರ ಮಧ್ಯಾಹ್ನ, ಅವನು ಅದೇ ಪ್ಯಾಂಟು ತೊಟ್ಟು ನಮ್ಮ ಬೀದಿಗೆ ಬಂದ. ಅಪ್ಪ ಮೇಜಿನ ಬಳಿ ಇದ್ದ. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಆಯಿ ಬಾಗಿಲಿನಲ್ಲಿ ತೂಕಡಿಸುತ್ತಿದ್ದಳು. ಪರಸಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ಒಪ್ಪಿಸುವವನಂತೆ ಹೇಳಿದ. ಕಚೇರಿಯಲ್ಲಿ ಮೂವರು ಸಾಹೇಬರಿದ್ದರು. ಕುಳಿತುಕೊಳ್ಳಲು ಹೇಳಿ ಕುರ್ಚಿ ತೋರಿಸಿದರು. ಅವನು ಮನೆಯಲ್ಲೇ, ಬೆಳಿಗ್ಗೆ ತೊಟ್ಟಾಗಲೇ, ಕುಳಿತರೆ ಹಿಂಬದಿಯ ಹೊಲಿಗೆ ಬಿಚ್ಚುವುದೆಂದು ಅರಿತಿದ್ದ. ಅರ್ಧ ಬಾಗಿದಾಗಲೇ ಎರಡು ಎಳೆ ಹರಿದಿದ್ದವು. ಬೇರೆ ಪ್ಯಾಂಟು ಅವನ ಬಳಿ ಇರಲಿಲ್ಲ. ನಿಂತೇ ಉತ್ತರ ಹೇಳುವೆನೆಂದ. ಮತ್ತೊಮ್ಮೆ ಕುಳಿತುಕೊಳ್ಳಲು ಹೇಳಿದರು, ಮತ್ತೊಮ್ಮೆ ಬೇಡವೆಂದ. ಒಬ್ಬರು ಅವನನ್ನು ಸೊಕ್ಕಿನವನೆಂದರು. ಇನ್ನೊಬ್ಬರು, ಸರಕಾರ ಕುರ್ಚಿ ಕೊಟ್ಟರೂ ಇವರಿಗೆ ಕೂಡುವುದು ಗೊತ್ತಿಲ್ಲವೆಂದು ನಕ್ಕರು. ಮೂರನೆಯವರು ಏನೋ ಬರೆದುಕೊಂಡರು. ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸಿದರು. ಆ ಮೂವರ ತಪ್ಪನ್ನೂ ನಾನು ಇಲ್ಲಿ ದಾಖಲಿಸುತ್ತೇನೆ. ಅವರು ನಿಂತವನನ್ನು ನೋಡಿದರು, ಯಾಕೆ ನಿಂತನೆಂದು ಕೇಳಲಿಲ್ಲ. ಆದರೆ ಅವರ ತಪ್ಪಿನ ಹಿಂದೆ ನಮ್ಮದಿತ್ತು.

ಅಪ್ಪನ ಕಿವಿಗಳು ಕೆಂಪಾಗಿದ್ದವು. ಹೊಲಿಗೆಯಲ್ಲಿ ಸೋಲೆಂಬುದು ಅವನಿಗೆ ಗೊತ್ತಿರಲಿಲ್ಲ.

"ಒಗದು ತಂದು ಮೆಟ್ಟಲ ಮ್ಯಾಲ ಇಡು. ಬಿಚ್ಚಿ ಸಡಲ ಮಾಡಿ ಕೊಡ್ತೇನಿ. ರೊಕ್ಕ ಬ್ಯಾಡ."

ತೊಟ್ಟ ಬಟ್ಟೆಯನ್ನು ಮುಟ್ಟಲು ಒಪ್ಪಿದ್ದು ಅಪ್ಪನ ಲೆಕ್ಕದಲ್ಲಿ ದೊಡ್ಡ ರಿಯಾಯಿತಿ. ಪರಸಪ್ಪ ತಲೆಯಾಡಿಸಿದ.

"ಬಿಚ್ಚೂದು ಬ್ಯಾಡ್ರಿ. ಅಳತಿ ತಗೋರಿ. ಈಗ, ಇಲ್ಲೇ. ನನ್ನ ಅಳತಿ ಎಷ್ಟ ಐತಿ ಅಂತ ಒಮ್ಮೆ ಹೇಳ್ರಿ, ನಾ ಹೋಗ್ತೇನಿ."

ಅಪ್ಪ ಕೆಳಗೆ ನೋಡಿದ. ಆಗ ಪರಸಪ್ಪನ ಕಣ್ಣು ನನ್ನ ಕೊರಳಿನತ್ತ ಬಂತು, ಅಲ್ಲಿ ಟೇಪಿತ್ತು. ಮೂರು ಮೆಟ್ಟಿಲು. ನನಗೆ ಆಗ ಹದಿನಾಲ್ಕು. ಇಳಿಯಲು ಕಾಲಿತ್ತು, ಓದಲು ಬರುತ್ತಿತ್ತು, ಅಳತೆ ಹಿಡಿಯುವುದು ಗೊತ್ತಿತ್ತು. ನಾನು ಟೇಪಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೆ. ಅವನು ತಿರುಗಿ ನಡೆಯತೊಡಗಿದ.

ಆ ಕ್ಷಣದಲ್ಲಿ ಆಯಿ ಎಚ್ಚರಗೊಂಡಳು. ಪೊರೆ ಬಂದ ಕಣ್ಣಿಗೆ ಬೀದಿಯಲ್ಲಿ ಬೆನ್ನು ತಿರುಗಿಸಿ ಹೋಗುತ್ತಿರುವ ಆ ನಡಿಗೆ ಕಂಡಿತು. ನಾವು ಹಿಡಿಯುವುದರೊಳಗೆ ಗೋಡೆ ತಡವುತ್ತ ಮೂರೂ ಮೆಟ್ಟಿಲಿಳಿದು ಅವನನ್ನು ಮುಟ್ಟಿದಳು. ಎರಡೂ ಕೈಗಳಿಂದ ಅವನ ಸೊಂಟ ಹಿಡಿದು, ಪ್ಯಾಂಟಿನ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದಳು, ಚಿಕ್ಕ ಮಕ್ಕಳಿಗೆ ಚಡ್ಡಿ ಸರಿಯಾಗಿದೆಯೇ ಎಂದು ನೋಡುವಂತೆ.

"ಮಲ್ಲೇಶಾ, ಎಷ್ಟ ಬಿಗಿ ಹೊಲದಾನೋ ಯಪ್ಪಾ ನಿಮ್ಮಣ್ಣ. ಹೆಂಗ ಕುಂದರ್ತಿ?"

ಪರಸಪ್ಪ ಅಲುಗಲಿಲ್ಲ. ಕೈ ಕೊಸರಲಿಲ್ಲ, ತಾನು ಮಲ್ಲೇಶನಲ್ಲ ಎನ್ನಲೂ ಇಲ್ಲ.

"ಕುಂದ್ರಾಕ ಬರೂದಿಲ್ಲ ಬೇ ಆಯಿ," ಎಂದ.

ಅಪ್ಪ ಅವಳನ್ನು ಒಳಗೆ ಕರೆದ. ಎರಡನೆಯ ಸಲ ಕರೆದಾಗ ದನಿ ಒಡೆದಿತ್ತು. ಆದರೂ ಅವನು ಕೆಳಗಿಳಿಯಲಿಲ್ಲ; ಅವ್ವ ಹೋಗಿ, ಪರಸಪ್ಪನಿಗೆ ತಾಗದಂತೆ, ಆಯಿಯ ಸೆರಗು ಹಿಡಿದು ಎಳೆದುಕೊಂಡು ಬಂದಳು. ನೇರವಾಗಿ ಬಚ್ಚಲಿಗೆ ಕರೆದೊಯ್ದು ಮೈಮೇಲೆ ನೀರು ಸುರಿದಳು. ನಮ್ಮ ಧರ್ಮ ಸೂತಕವನ್ನೇ ಒಪ್ಪುವುದಿಲ್ಲವೆಂದು ಅಪ್ಪ ಪ್ರತಿ ಸಂಜೆ ನಮಗೆ ಹೇಳಿಕೊಟ್ಟಿದ್ದ. ಆ ಮಧ್ಯಾಹ್ನ ಆ ಮಾತನ್ನು ಯಾರೂ ನೆನೆಯಲಿಲ್ಲ. ಬಚ್ಚಲಿನಿಂದ ಆಯಿ ಕೇಳುತ್ತಲೇ ಇದ್ದಳು:

"ಈ ಹೊತ್ತಿನ್ಯಾಗ ಯಾಕ ಜಳಕಾ? ಯಾರ ಸತ್ತಾರ ಬೇ? ಯಾರ ಸತ್ತಾರ ಹೇಳ್ರಿ."

ಅಂದು ಸಂಜೆ ವಚನಗಳಾಗಲಿಲ್ಲ. ಅಪ್ಪ ಕಾಗದದ ಅಚ್ಚನ್ನು ಮೊಳೆಯಿಂದ ತೆಗೆದು ಅವ್ವನ ಒಲೆಗೆ ಹಾಕಿದ. ಅದು ಪಶ್ಚಾತ್ತಾಪವೆಂದು ನಾನು ಬಹುಕಾಲ ನಂಬಿದ್ದೆ. ಅದಲ್ಲ. ಮುಂದಿನ ವಾರದಿಂದ ಕೇರಿಯವರ ಬಟ್ಟೆಯನ್ನು ತೆಗೆದುಕೊಳ್ಳುವುದನ್ನೇ ಅವನು ನಿಲ್ಲಿಸಿದ. ಅಳತೆ ಹಿಡಿಯುವುದಕ್ಕಿಂತ ಹೊಲಿಯದಿರುವುದು ಅವನಿಗೆ ಹಗುರವಾಗಿ ಕಂಡಿತು. ಅಪ್ಪ ತೀರಿಕೊಳ್ಳುವ ತನಕ ನಾವಿಬ್ಬರೂ ಆ ಮಧ್ಯಾಹ್ನದ ಬಗ್ಗೆ ಮಾತಾಡಲಿಲ್ಲ. ಸಂಘಟನೆಯ ಕೆಲಸಕ್ಕೆ ಸೇರಿ ಊರೂರು ತಿರುಗಿ, ಸಾರ್ವಜನಿಕ ಬಾವಿಗಳ ಬಗ್ಗೆ, ಗುಡಿಯ ಬಾಗಿಲುಗಳ ಬಗ್ಗೆ ಭಾಷಣ ಮಾಡಿದ ನಾನು ನನ್ನ ಅಪ್ಪನನ್ನು ಒಂದು ಪ್ರಶ್ನೆ ಕೇಳಲಿಲ್ಲ.

ಪರಸಪ್ಪನನ್ನು ಮತ್ತೆ ಕಂಡದ್ದು ಹಲವು ವರ್ಷಗಳ ನಂತರ, ಬೆಳಗಾವಿಯ ಆಟೋ ನಗರದಲ್ಲಿ, ಕೂಲಿಯವರ ಸಭೆಯೊಂದರಲ್ಲಿ. ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಅವನು ದಿನವೂ ಖಾನಾಪುರದಿಂದ ಬಂದು ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಕಬ್ಬಿಣದ ಸಾಮಾನು ಹೊರುತ್ತಿದ್ದ. ಲುಂಗಿ ಉಟ್ಟಿದ್ದ. ನನ್ನ ಭಾಷಣ ಮುಗಿದ ಮೇಲೆ ಬಂದು ಗುರುತು ಹೇಳಿದ. ಆ ಕಚೇರಿಯಿಂದ ಮತ್ತೆ ಪತ್ರ ಬರಲಿಲ್ಲ. ಬೇರೆ ಕಡೆ ಅರ್ಜಿ ಹಾಕುವಷ್ಟರಲ್ಲಿ ತಾಯಿ ಹಾಸಿಗೆ ಹಿಡಿದಳು, ವಯಸ್ಸು ಮೀರಿತು. ಆಮೇಲೆ ಅವನು ಪ್ಯಾಂಟು ಹೊಲಿಸಲಿಲ್ಲ. ಚಹಾ ಕುಡಿಯುತ್ತ, ನನ್ನನ್ನು ನಗಿಸಲೆಂದೇ ಏನೋ, ಒಂದು ಮಾತು ಹೇಳಿದ.

"ನಮ್ಮ ಕೇರ್ಯಾಗ ಅದಕ್ಕ ಮಲ್ಲೇಶಿ ಪ್ಯಾಂಟ ಅಂತಿದ್ವಿ ಅಕ್ಕಾರ. ನಿಮ್ಮ ಕಾಕಾರ ಹೋದ ಮ್ಯಾಲೂ ನಾವ ಅವರನ್ನ ಹೊತ್ಕೊಂಡ ತಿರಗತಿದ್ವಿ. ನಮ್ಮ ಹೆಂಗಸರು ಎಡಗಾಲು ಬಿಚ್ಚಿ ಬಿಚ್ಚಿ ಉದ್ದ ಮಾಡೂದ್ರಾಗ ಬ್ಯಾಸತ್ತ ಹೋಗಿದ್ರು."

ನಾನು ನಗಲಿಲ್ಲ. ಕ್ಷಮೆ ಕೇಳಿದೆ. ಅವನು ಲೋಟವನ್ನು ಕೆಳಗಿಟ್ಟ.

"ನಿಮ್ಮ ಅಪ್ಪಾರು ಮೆಟ್ಟಲ ಇಳದ ಬರೂದಿಲ್ಲ ಅಂತ ನನಗ ಗೊತ್ತಿತ್ತು. ನೀವು ಬರ್ತೀರಿ ಅಂದ್ಕೊಂಡಿದ್ದೆ."

ಈ ಅಧ್ಯಾಯವನ್ನು ನಾನು ಬರೆಯದೇ ಹೋಗುತ್ತಿದ್ದೆನೇನೋ. ಬರೆಯಿಸಿದ್ದು ಹೋದ ತಿಂಗಳು ಅಂಚೆಯಲ್ಲಿ ಬಂದ ಒಂದು ಪುಸ್ತಕ. ನನ್ನ ಇಬ್ಬರು ಅಣ್ಣಂದಿರೂ ನಮ್ಮ ಸಮಾಜದ ಹಿರಿಯರೂ ಸೇರಿ ಅಪ್ಪನ ಹೆಸರಿನಲ್ಲಿ ಒಂದು ಸ್ಮರಣ ಸಂಚಿಕೆ ತಂದಿದ್ದಾರೆ. ಒಳ್ಳೆಯ ಕಾಗದ, ಅಪ್ಪನ ಒಳ್ಳೆಯ ಭಾವಚಿತ್ರ. ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗಿದೆ: 'ಜಾತಿ ಮತಗಳ ಭೇದವೆಣಿಸದೆ ಖಾನಾಪುರದ ಸರ್ವರಿಗೂ ಬಟ್ಟೆ ತೊಡಿಸಿದ ಕಾಯಕಯೋಗಿ.' ಬರುವ ಬಸವ ಜಯಂತಿಗೆ ಇದರ ಎರಡನೆಯ ಮುದ್ರಣ ಮಾಡಿ ತಾಲೂಕಿನ ಶಾಲೆಗಳಿಗೆಲ್ಲ ಹಂಚುವರಂತೆ. ಆ ಶಾಲೆಗಳಲ್ಲಿ ಕೇರಿಯ ಮಕ್ಕಳೂ ಓದುತ್ತಾರೆ. ಅವರ ಅಜ್ಜಂದಿರು ಬದುಕಿದ್ದಾರೆ.

ಅಣ್ಣಂದಿರೇ, ಸಂಚಿಕೆಯ ಸಮಿತಿಯ ಹಿರಿಯರೇ, ನನ್ನ ಬೇಡಿಕೆ ಇದು. ಆ ವಾಕ್ಯವನ್ನು ತೆಗೆಯಿರಿ. ಹಂಚಿದ ಪ್ರತಿಗಳನ್ನು ಮರಳಿ ತರಿಸಿರಿ. ಬಸವ ಜಯಂತಿಗೆ ಮೊದಲು, ಹಗಲಿನಲ್ಲಿ, ಊರು ನೋಡುವಂತೆ, ನೀವಿಬ್ಬರೂ ಸಮಿತಿಯವರೂ ಖಾನಾಪುರದ ಕೇರಿಗೆ ಹೋಗಿ ಪರಸಪ್ಪನ ಹೊಸಿಲಲ್ಲಿ ನಿಂತು, ನಮ್ಮ ಮನೆಯಲ್ಲಿ ನಡೆದದ್ದನ್ನು ಅಚ್ಚು ಮಾಡಲು ಅವನ ಒಪ್ಪಿಗೆ ಕೇಳಿರಿ. ಅವನು ಒಪ್ಪಿದರೆ, ಅದೇ ಮೊದಲ ಪುಟದಲ್ಲಿ, ಅದೇ ದಪ್ಪ ಅಕ್ಷರಗಳಲ್ಲಿ ಇದನ್ನು ಅಚ್ಚು ಮಾಡಿರಿ: 'ಈ ಮನೆಯವರು ದಲಿತರ ಮೈ ಮುಟ್ಟಲು ನಿರಾಕರಿಸಿದರು, ಅದರಿಂದ ಪರಸಪ್ಪ ಎಂಬವರು ತಮಗೆ ಸಿಗಬಹುದಾಗಿದ್ದ ಕೆಲಸವನ್ನು ಕಳೆದುಕೊಂಡರು, ಇದು ಅಪರಾಧ.' ಆ ವಾಕ್ಯದ ಕೆಳಗೆ ತಪ್ಪಿತಸ್ಥರ ಪಟ್ಟಿ ಹಾಕಿರಿ, ಅದರಲ್ಲಿ ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರಿರಲಿ. ಪರಸಪ್ಪ ಒಪ್ಪದಿದ್ದರೆ, ಆ ಪುಟವನ್ನು ಖಾಲಿ ಬಿಡಿರಿ.